ಗ್ರಾಂ ಲೆಕ್ಕದಲ್ಲಿ ನಾದ: ಮೂರು ವಿಂಟೇಜ್ ರೈಡ್ ಸಿಂಬಲ್‌ಗಳ ವಿಮರ್ಶೆ

ಡ್ರಮ್ ಸೆಟ್‌ನಲ್ಲಿ ಸ್ಟಿಕ್‌ನಿಂದ ನುಡಿಸಿ ಲಯ ನಡೆಸುವ ದೊಡ್ಡ ಕಂಚಿನ ತಟ್ಟೆಯೇ ರೈಡ್ ಸಿಂಬಲ್. ಹಳೆಯ ರೈಡ್ ಸಿಂಬಲ್‌ಗಳ ಮಾರಾಟದ ವಿವರದಲ್ಲಿ ಇಂದು ವ್ಯಾಸದ ಪಕ್ಕದಲ್ಲೇ ತೂಕವನ್ನೂ ಗ್ರಾಂ ಲೆಕ್ಕದಲ್ಲಿ ಬರೆದಿರುತ್ತಾರೆ. ಬರೆಯದಿದ್ದರೆ ಕೊಳ್ಳುವವರು ಕೇಳುವ ಮೊದಲ ಪ್ರಶ್ನೆಯೇ ಅದು. ತೂಕ ಕಡಿಮೆಯಾದಷ್ಟೂ ಬೆಲೆ ಏರುತ್ತದೆ, ಮುನ್ನೂರು ಗ್ರಾಂ ಹೆಚ್ಚಾದರೆ ಅದೇ ಕಂಪನಿಯ, ಅದೇ ದಶಕದ ಸಿಂಬಲ್ ವಾರಗಟ್ಟಲೆ ಬಿಕರಿಯಾಗದೆ ಉಳಿಯುತ್ತದೆ. ಈ ಲೆಕ್ಕಾಚಾರದಲ್ಲಿ ಎಷ್ಟು ನಿಜ, ಎಷ್ಟು ಬರಿಯ ರೂಢಿ ಎಂಬುದನ್ನು ನೋಡುವ ಉದ್ದೇಶದಿಂದ ಒಂದೇ ವ್ಯಾಸದ, ಒಂದೇ ತಯಾರಕರ, ಆದರೆ ಬೇರೆ ಬೇರೆ ತೂಕದ ಮೂರು ರೈಡ್‌ಗಳನ್ನು ಒಂದೇ ಸ್ಟ್ಯಾಂಡಿನ ಮೇಲೆ, ಒಂದೇ ಜೊತೆ ಸ್ಟಿಕ್‌ಗಳಿಂದ ನುಡಿಸಿ ಇಲ್ಲಿ ವಿಮರ್ಶಿಸಿದ್ದೇನೆ. ಮೂರೂ 22 ಇಂಚಿನವು, ಮೂರೂ ಅಮೆರಿಕದ ಅವೇಡಿಸ್ ಜಿಲ್ಜಿಯನ್ ಕಂಪನಿಯವು. 1950ರ ದಶಕದ್ದು 2,270 ಗ್ರಾಂ, 1960ರ ದಶಕದ್ದು 2,640 ಗ್ರಾಂ, 1970ರ ದಶಕದ್ದು 3,180 ಗ್ರಾಂ ತೂಗುತ್ತವೆ.

ನುಡಿಸುವ ಮೊದಲು ಈ ಅಂಕಿಗಳು ಏನು ಹೇಳುತ್ತವೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಮೂರೂ ಸಿಂಬಲ್‌ಗಳ ಲೋಹ ಒಂದೇ: ಸುಮಾರು ನೂರಕ್ಕೆ 80 ಭಾಗ ತಾಮ್ರ, 20 ಭಾಗ ತವರ ಸೇರಿದ ಕಂಚು. ವ್ಯಾಸವೂ ಒಂದೇ ಆಗಿರುವುದರಿಂದ ತೂಕದಲ್ಲಿ ಕಾಣುವ ವ್ಯತ್ಯಾಸವೆಲ್ಲ ದಪ್ಪದ ವ್ಯತ್ಯಾಸವೇ. ಮೊದಲನೆಯದರ ಸರಾಸರಿ ದಪ್ಪ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿದ್ದರೆ ಮೂರನೆಯದರದ್ದು ಒಂದೂವರೆ ಮಿಲಿಮೀಟರಿನ ಸಮೀಪ ಬರುತ್ತದೆ. ಕಣ್ಣಿಗೆ ಹಿಡಿಯದಷ್ಟು ಸಣ್ಣದಾದ ಈ ಅಂತರವೇ ಕಿವಿಗೆ ಬಹಳ ದೊಡ್ಡದು, ಏಕೆಂದರೆ ತಟ್ಟೆಯೊಂದು ಬಾಗುವುದಕ್ಕೆ ಒಡ್ಡುವ ಪ್ರತಿರೋಧ ದಪ್ಪದ ಘನದ ಪ್ರಮಾಣದಲ್ಲಿ ಬೆಳೆಯುತ್ತದೆ. ದಪ್ಪ 1.4 ಪಟ್ಟಾದರೆ ಬಿಗುವು ಸುಮಾರು 2.7 ಪಟ್ಟಾಗುತ್ತದೆ, ತೂಕ ಮಾತ್ರ 1.4 ಪಟ್ಟೇ ಆಗುತ್ತದೆ. ಬಿಗುವು ತೂಕವನ್ನು ಮೀರಿ ಬೆಳೆಯುವುದರಿಂದ ದಪ್ಪನೆಯ ಸಿಂಬಲ್‌ನ ಶ್ರುತಿ ಮೇಲೇರುತ್ತದೆ. ಪೂರ್ತಿ ಸಮತಟ್ಟಾದ ತಟ್ಟೆಗಳಾಗಿದ್ದರೆ ಈ ಎರಡರ ನಡುವಿನ ಶ್ರುತಿಭೇದ ಷಡ್ಜದಿಂದ ಪ್ರತಿಮಧ್ಯಮದವರೆಗಿನಷ್ಟು ಆಗಬೇಕಿತ್ತು. ಸಿಂಬಲ್‌ಗೆ ಕಮಾನಿನ ಬಾಗು ಇರುವುದರಿಂದ ನಿಜದಲ್ಲಿ ಅಂತರ ಅಷ್ಟು ಕರಾರುವಾಕ್ಕಾಗಿ ಬರುವುದಿಲ್ಲ, ಆದರೆ ದಿಕ್ಕು ಅದೇ. ಹಗುರ ಸಿಂಬಲ್ ಮಂದ್ರದ ಕಡೆಗೆ, ಭಾರದ್ದು ತಾರದ ಕಡೆಗೆ.

2,270 ಗ್ರಾಂನ ರೈಡ್ ಅನ್ನು ಮೊದಲು ತೆಗೆದುಕೊಳ್ಳುತ್ತೇನೆ. ಅಂಚನ್ನು ಹೆಬ್ಬೆರಳಿನಿಂದ ಒತ್ತಿದರೆ ಅದು ಸುಲಭವಾಗಿ ಬಾಗಿ ಮತ್ತೆ ತನ್ನ ಜಾಗಕ್ಕೆ ಮರಳುತ್ತದೆ. ಬೆಲ್ (ತಟ್ಟೆಯ ನಡುವಿನ ಗುಮ್ಮಟದಂಥ ಉಬ್ಬು) ಮತ್ತು ಅಂಚಿನ ನಡುವೆ, ಅಂಚಿಗೆ ಸ್ವಲ್ಪ ಹತ್ತಿರವಾಗಿ ಸ್ಟಿಕ್‌ನ ತುದಿಯಿಂದ ಮೆಲ್ಲಗೆ ನುಡಿಸಿದಾಗ ಮೊದಲ ಪೆಟ್ಟು ಮೃದುವಾದ, ಮರದ ಸ್ಪರ್ಶ ಕೇಳುವಂಥ ‘ಟಿಕ್’ ಆಗಿ ಬರುತ್ತದೆ. ಎರಡನೆಯ ಪೆಟ್ಟಿನ ಹೊತ್ತಿಗೆ ಅದರ ಕೆಳಗೆ ಅಗಲವಾದ ಗುಂಯ್‌ಗಾರವೊಂದು ಎದ್ದಿರುತ್ತದೆ. ಡ್ರಮ್ಮರ್‌ಗಳು ವಾಷ್ ಎಂದು ಕರೆಯುವುದು ಇದನ್ನೇ. ನಾಲ್ಕಾರು ಆವರ್ತ ನುಡಿಸುವಷ್ಟರಲ್ಲಿ ವಾಷ್ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ ಮತ್ತು ಸ್ಟಿಕ್‌ನ ಪೆಟ್ಟುಗಳು ಅದರ ಮೇಲೆ ತೇಲುತ್ತವೆ. ಪಿಯಾನೋ, ಡಬಲ್ ಬಾಸ್ ಮತ್ತು ಬ್ರಷ್‌ಗಳ ಸಂಗಡ ಇದಕ್ಕಿಂತ ಹಿತವಾದ ರೈಡ್ ಅನ್ನು ನಾನು ನುಡಿಸಿಲ್ಲ. ಸ್ಟಿಕ್‌ನ ಭುಜದಿಂದ, ಅಂದರೆ ತುದಿಯ ಹಿಂದೆ ದಪ್ಪವಾಗುವ ಭಾಗದಿಂದ, ಅಂಚಿಗೆ ಹೊಡೆದರೆ ಒಡನೆಯೇ ಅರಳಿಕೊಳ್ಳುತ್ತದೆ, ಒತ್ತು ಕೊಡಲು ಹೊಡೆಯುವ ಪ್ರತ್ಯೇಕ ಕ್ರ್ಯಾಶ್ ಸಿಂಬಲ್‌ನ ಅಗತ್ಯವೇ ಬೀಳದಷ್ಟು ಚೆನ್ನಾಗಿ.

ಇದರ ಮಿತಿಯನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಲಯ ಚುರುಕಾಗಿ, ಕೈ ಜೋರಾದಂತೆ ವಾಷ್ ಮೇಲೆದ್ದು ಪೆಟ್ಟುಗಳನ್ನು ನುಂಗತೊಡಗುತ್ತದೆ. ತೆಳುವಾದ ತಟ್ಟೆಗೆ ಹೆಚ್ಚು ಶಕ್ತಿ ತುಂಬಿದಾಗ ಅದರ ಕಂಪನಗಳು ಒಂದರೊಡನೊಂದು ಬೆರೆತು, ಕೆಳಗಿನ ಆವೃತ್ತಿಗಳಲ್ಲಿದ್ದ ಶಕ್ತಿ ಮೇಲಿನ ಆವೃತ್ತಿಗಳಿಗೆ ಹರಿದು, ಇಡೀ ಸಿಂಬಲ್ ಒಂದು ದೀರ್ಘ ಭೋರ್ಗರೆತವಾಗಿಬಿಡುತ್ತದೆ. ಕ್ರ್ಯಾಶ್‌ಗೆ ಬೇಕಾದ ಈ ಗುಣವೇ ರೈಡ್‌ನಲ್ಲಿ ತೊಡಕಾಗುತ್ತದೆ. ಎಲೆಕ್ಟ್ರಿಕ್ ಗಿಟಾರ್ ಇರುವ ತಂಡದಲ್ಲಿ ಈ ಸಿಂಬಲ್ ನಡೆ ಹಿಡಿಯಲಾರದು. ಬೆಲ್ ಕೂಡ ಸಣ್ಣದು, ಅದರ ದನಿ ಗುಂಪಿನ ನಡುವೆ ಕೇಳಿಸುವುದಿಲ್ಲ.

2,640 ಗ್ರಾಂನ ಎರಡನೆಯ ರೈಡ್ ಬಗ್ಗೆ ನನಗೆ ಪಕ್ಷಪಾತವಿದೆ, ಅದನ್ನು ಮುಚ್ಚಿಡುವುದಿಲ್ಲ. ಇಲ್ಲಿ ಪೆಟ್ಟು ಮೊದಲು, ವಾಷ್ ನಂತರ. ಎರಡರ ನಡುವಿನ ಅಳತೆ ನುಡಿಸುವವರ ಕೈಯಲ್ಲೇ ಇರುತ್ತದೆ. ಅಂಚಿನ ಕಡೆ ಸರಿದರೆ ವಾಷ್ ಹೆಚ್ಚುತ್ತದೆ, ಬೆಲ್‌ನ ಕಡೆ ಸರಿದರೆ ಒಣಗಿದಂತಾಗಿ ಪೆಟ್ಟಿನ ಚೂಪಾದ ದನಿ, ಅಂದರೆ ಪಿಂಗ್, ಎದ್ದು ಕಾಣುತ್ತದೆ. ಅಂಚಿಗೆ ಬಲವಾಗಿ ಹೊಡೆದರೆ ಕ್ರ್ಯಾಶ್ ಬರುತ್ತದೆ, ಮೊದಲನೆಯದರಷ್ಟು ಬೇಗ ಅಲ್ಲ, ಕಾರ್ವೆ (ನಾದ ಉಳಿಯುವ ಕಾಲ) ಸ್ವಲ್ಪ ಉದ್ದ. ವೇಗದ ಸ್ವಿಂಗ್ ನಡೆಯಲ್ಲಿ ಮೂರನೆಯ ಮಾತ್ರೆಯ ಸಣ್ಣ ಪೆಟ್ಟು ಕೂಡ ಕಳೆದುಹೋಗದೆ ಕೇಳಿಸುತ್ತದೆ, ಹಗುರ ರೈಡ್‌ನಲ್ಲಿ ಮೊದಲು ಮಸುಕಾಗುವುದು ಅದೇ ಪೆಟ್ಟು. ಜಾಝ್, ಬ್ಲೂಸ್, ಹಳೆಯ ಶೈಲಿಯ ರಾಕ್, ಚಿತ್ರಸಂಗೀತದ ಧ್ವನಿಮುದ್ರಣ ಇವೆಲ್ಲಕ್ಕೂ ಒಂದೇ ಸಿಂಬಲ್ ಒಯ್ಯಬೇಕಾದರೆ ನಾನು ಒಯ್ಯುವುದು ಇದನ್ನೇ. ಮಾರುಕಟ್ಟೆಯಲ್ಲಿ ಇದು ಮೊದಲನೆಯದಕ್ಕಿಂತ ಸಾಕಷ್ಟು ಅಗ್ಗ, ಆ ವ್ಯತ್ಯಾಸಕ್ಕೆ ನಾದದಲ್ಲಿ ಯಾವ ಸಮರ್ಥನೆಯೂ ನನಗೆ ಕೇಳಿಸಿಲ್ಲ.

3,180 ಗ್ರಾಂನ ಮೂರನೆಯದು ಬೇರೆಯೇ ಕೆಲಸಕ್ಕೆ ಹುಟ್ಟಿದ ವಾದ್ಯ. ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ, ಹೊಳೆಯುವ ಪಿಂಗ್ ಆಗಿ ಬರುತ್ತದೆ. ಕೈ ಎಷ್ಟೇ ಜೋರಾದರೂ ವಾಷ್ ಪೆಟ್ಟಿನ ಕೆಳಗೇ ಇರುತ್ತದೆ. ಬೆಲ್ ದೊಡ್ಡದು, ದಪ್ಪ, ಅದರ ದನಿ ಎಲ್ಲ ವಾದ್ಯಗಳನ್ನೂ ಸೀಳಿಕೊಂಡು ಹೊರಬರುತ್ತದೆ. ಅಂಚಿಗೆ ಹೊಡೆದರೆ ಮಾತ್ರ ಅರಳಲು ಒಪ್ಪದೆ, ಜಾಗಟೆಯಂತೆ ಖಣಿಲ್ ಎಂದು ಬಹುಕಾಲ ಮೊರೆಯುತ್ತದೆ. ಸಣ್ಣ ಕೋಣೆಯಲ್ಲಿ ಇದನ್ನು ಮೆಲ್ಲಗೆ ನುಡಿಸುವುದು ಕಷ್ಟ, ಏಕೆಂದರೆ ಕಡಿಮೆ ಶಕ್ತಿಯಲ್ಲಿ ಇಷ್ಟು ಲೋಹ ಎಚ್ಚರಗೊಳ್ಳುವುದೇ ಇಲ್ಲ, ಬರಿಯ ಸ್ಟಿಕ್‌ನ ಸದ್ದು ಮಾತ್ರ ಉಳಿಯುತ್ತದೆ. ಆದರೆ ಗಟ್ಟಿಯಾಗಿ ನುಡಿಸುವ ತಂಡದ ನಡುವೆ, ಬಯಲು ವೇದಿಕೆಯ ಮೇಲೆ, ಮೊದಲನೆಯದು ಸೋಲುವ ಕಡೆಯಲ್ಲೆಲ್ಲ ಇದು ಗೆಲ್ಲುತ್ತದೆ. ಇಂಥ ಸಿಂಬಲ್‌ಗಳನ್ನು ‘ಅತಿ ಭಾರ’ ಎಂದು ತಳ್ಳಿಹಾಕುವ ರೂಢಿ ನನಗೆ ಅನ್ಯಾಯವೆನಿಸುತ್ತದೆ. ಗಟ್ಟಿ ಸಂಗೀತ ನುಡಿಸುವ ಹೊಸಬರು ಅದೇ ಹಣಕ್ಕೆ ಹೊಸ ಸಿಂಬಲ್ ಕೊಳ್ಳುವ ಬದಲು 1970ರ ದಶಕದ ಭಾರದ ರೈಡ್ ಒಂದನ್ನು ಹುಡುಕಿಕೊಂಡರೆ ಲಾಭ ಅವರದೇ.

ಹಗುರ ಸಿಂಬಲ್‌ಗೆ ಹೆಚ್ಚು ಬೆಲೆ ಏಕೆ ಬಂತು ಎಂಬುದಕ್ಕೆ ಕಾರಣ ಅವು ತಯಾರಾದ ಕಾಲದಲ್ಲಿದೆ. ಅವೇಡಿಸ್ ಜಿಲ್ಜಿಯನ್ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕ್ವಿನ್ಸಿಯಲ್ಲಿ 1929ರಲ್ಲಿ ಕಾರ್ಖಾನೆ ತೆರೆದ ಮೇಲಿನ ದಶಕಗಳಲ್ಲಿ ಸಿಂಬಲ್‌ಗಳನ್ನು ಪೇಪರ್ ಥಿನ್, ಥಿನ್, ಮೀಡಿಯಂ, ಹೆವಿ ಮುಂತಾಗಿ ದಪ್ಪದ ದರ್ಜೆಗಳ ಹೆಸರಿನಲ್ಲೇ ಮಾರುತ್ತಿದ್ದರು. ಒಂದೇ ಸಿಂಬಲ್ ರೈಡ್ ಆಗಿಯೂ ಕ್ರ್ಯಾಶ್ ಆಗಿಯೂ ಬಳಕೆಯಾಗುತ್ತಿತ್ತು. ಮುಂದೆ ರಾಕ್ ಸಂಗೀತದ ಆಂಪ್ಲಿಫೈಯರ್‌ಗಳು ದೊಡ್ಡದಾದಂತೆ ಡ್ರಮ್ಮರ್‌ಗಳು ಸೀಳಿಕೊಂಡು ಕೇಳಿಸುವ, ಬೇಗ ಒಡೆಯದ ಸಿಂಬಲ್ ಬಯಸಿದರು, ತಯಾರಕರು ಅದನ್ನೇ ಕೊಟ್ಟರು. ಹೀಗಾಗಿ 1970ರ ದಶಕದ ಜಿಲ್ಜಿಯನ್‌ಗಳು ಸರಾಸರಿಯಲ್ಲಿ 1950ರ ದಶಕದವುಗಳಿಗಿಂತ ಭಾರ. ದೊಡ್ಡ ವ್ಯಾಸವೂ ಇದ್ದು ತೂಕವೂ ಕಡಿಮೆಯಿರುವ ಹಳೆಯ ತಟ್ಟೆಗಳು ಮೊದಲೇ ಕಡಿಮೆ ಸಂಖ್ಯೆಯಲ್ಲಿದ್ದವು, ತೆಳುವಾದ ಅಂಚಿನ ಕಾರಣ ಅವುಗಳಲ್ಲಿ ಹಲವು ಬಿರುಕು ಬಿಟ್ಟು ಹಾಳಾದವು. ಉಳಿದವಕ್ಕೆ ಜಾಝ್ ನುಡಿಸುವವರೆಲ್ಲ ಪೈಪೋಟಿಗಿಳಿದಿದ್ದಾರೆ. ಅಂದರೆ ಬೆಲೆಯಲ್ಲಿ ಒಂದು ಪಾಲು ನಾದದ್ದು, ಇನ್ನೊಂದು ಪಾಲು ವಿರಳತೆಯದ್ದು. ಕೊಳ್ಳುವವರು ಈ ಎರಡನ್ನೂ ಬೇರ್ಪಡಿಸಿ ನೋಡಬೇಕು.

ಅದೇ ಜಿಲ್ಜಿಯನ್ ಮನೆತನದ ಹೆಸರಿನಲ್ಲಿ ಇಸ್ತಾಂಬುಲ್‌ನಲ್ಲಿ ತಯಾರಾದ ಹಳೆಯ ‘ಕೆ ಜಿಲ್ಜಿಯನ್’ಗಳ ವಿಷಯದಲ್ಲಿ ಈ ಪೈಪೋಟಿ ಇನ್ನೂ ತೀವ್ರ. ಅಮೆರಿಕದಲ್ಲಿ ಗ್ರೆಚ್ ಕಂಪನಿಯ ಮೂಲಕ ಮಾರಾಟವಾಗುತ್ತಿದ್ದ ಇವುಗಳ ತಯಾರಿಕೆ 1970ರ ದಶಕದ ಕೊನೆಯ ಹೊತ್ತಿಗೆ ಇಸ್ತಾಂಬುಲ್‌ನಲ್ಲಿ ನಿಂತಿತು. ಕೈಯಿಂದಲೇ ಸುತ್ತಿಗೆ ಹಾಕಿದ ಇವುಗಳಲ್ಲಿ ಎರಡು ತಟ್ಟೆ ಒಂದೇ ತೆರನಾಗಿ ಇರುವುದಿಲ್ಲ. ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ತಂಡದಲ್ಲಿ ಡ್ರಮ್ಮರ್ ಟೋನಿ ವಿಲಿಯಮ್ಸ್ ನುಡಿಸಿದ 22 ಇಂಚಿನ ಕೆ ರೈಡ್‌ನ ದನಿಯನ್ನು ಹುಡುಕುತ್ತ ಹೊರಡುವವರು ಅತಿ ಹಗುರ ತಟ್ಟೆಗೆ ದೊಡ್ಡ ಮೊತ್ತ ಕೊಟ್ಟುಬಿಡುತ್ತಾರೆ. ಆ ಧ್ವನಿಮುದ್ರಣಗಳನ್ನು ಗಮನವಿಟ್ಟು ಕೇಳಿದರೆ ವಾಷ್‌ಗಿಂತ ಪೆಟ್ಟಿನ ಸ್ಪಷ್ಟತೆಯೇ ಎದ್ದು ಕೇಳುತ್ತದೆ: ಒಣ, ಗಾಢ, ಆದರೆ ಒಂದೊಂದು ಪೆಟ್ಟನ್ನೂ ಎಣಿಸಬಹುದು. ತೂಕವನ್ನು ಕೆಳಗಿಳಿಸುತ್ತ ಹೋದಷ್ಟೂ ಆ ಸ್ಪಷ್ಟತೆ ದೂರವಾಗುತ್ತದೆಯೇ ಹೊರತು ಹತ್ತಿರ ಬರುವುದಿಲ್ಲ.

ತೂಕದ ಅಂಕಿಯನ್ನು ವ್ಯಾಸದ ಜೊತೆಗೇ ಓದಬೇಕೆಂಬುದು ಹಲವರ ಗಮನಕ್ಕೆ ಬಾರದ ಸಂಗತಿ. ತಟ್ಟೆಯ ವಿಸ್ತೀರ್ಣ ವ್ಯಾಸದ ವರ್ಗದ ಪ್ರಮಾಣದಲ್ಲಿ ಬೆಳೆಯುವುದರಿಂದ 20 ಇಂಚಿನ 2,000 ಗ್ರಾಂ ರೈಡ್‌ನ ಸರಾಸರಿ ದಪ್ಪ 22 ಇಂಚಿನ 2,420 ಗ್ರಾಂ ರೈಡ್‌ನದ್ದೇ ಆಗಿರುತ್ತದೆ. 24 ಇಂಚಿನಲ್ಲಿ ಅದೇ ದಪ್ಪಕ್ಕೆ 2,880 ಗ್ರಾಂ ಬೇಕು, 18 ಇಂಚಿನಲ್ಲಿ 1,620 ಗ್ರಾಂ ಸಾಕು. 20 ಇಂಚಿನ 2,200 ಗ್ರಾಂ ಸಿಂಬಲ್ ಅನ್ನು ‘ಹಗುರ’ ಎಂದು ವಿವರಿಸಿದ್ದನ್ನು ನೋಡಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ, ಏಕೆಂದರೆ ಅದು ಇಲ್ಲಿನ ಮೂರರಲ್ಲಿ ಮಧ್ಯಮವಾದ, 2,640 ಗ್ರಾಂನ 22 ಇಂಚಿನ ರೈಡ್‌ನಷ್ಟೇ ದಪ್ಪ. ಪೌಂಡ್ ಮತ್ತು ಔನ್ಸ್ ಲೆಕ್ಕದಲ್ಲಿ ಬರೆದ ವಿವರಗಳಲ್ಲಿ ಇನ್ನೊಂದು ಅಪಾಯವಿದೆ. ಐದು ಪೌಂಡ್ ಐದು ಔನ್ಸ್ ಎಂದರೆ ಸುಮಾರು 2,410 ಗ್ರಾಂ, ಐದೂವರೆ ಪೌಂಡ್ ಎಂದರೆ ಸುಮಾರು 2,495 ಗ್ರಾಂ, 5.5 ಎಂದು ಬರೆದವರ ಮನಸ್ಸಿನಲ್ಲಿದ್ದದ್ದು ಯಾವುದೆಂದು ಕೇಳಿ ತಿಳಿದುಕೊಳ್ಳದೆ ಹಣ ಕೊಡಬಾರದು. ತಕ್ಕಡಿಯ ಪರದೆಯ ಮೇಲಿನ ಅಂಕಿ ಕಾಣುವಂಥ ಫೋಟೋ ಕೇಳುವುದು ಇನ್ನೂ ಒಳ್ಳೆಯದು.

ಇಷ್ಟಾದರೂ ಗ್ರಾಂ ಲೆಕ್ಕ ಹೇಳುವುದು ಸರಾಸರಿಯನ್ನು ಮಾತ್ರ. ಆ ಲೋಹ ತಟ್ಟೆಯ ಯಾವ ಭಾಗದಲ್ಲಿದೆ ಎಂಬುದು ನಾದಕ್ಕೆ ಅಷ್ಟೇ ಮುಖ್ಯ, ಮತ್ತು ಅದು ತಕ್ಕಡಿಗೆ ಸಿಗುವುದಿಲ್ಲ. ನನ್ನ ಬಳಿ 20 ಇಂಚಿನ ಇನ್ನೆರಡು ಹಳೆಯ ರೈಡ್‌ಗಳಿವೆ. ತೂಕದಲ್ಲಿ ಎರಡಕ್ಕೂ ಇಪ್ಪತ್ತು ಗ್ರಾಂ ಅಂತರವೂ ಇಲ್ಲ, ಆದರೆ ಕಣ್ಣು ಮುಚ್ಚಿ ಕೇಳಿದವರು ಅವು ಒಂದೇ ದರ್ಜೆಯವೆಂದು ಒಪ್ಪಲಾರರು. ಒಂದರಲ್ಲಿ ಬೆಲ್‌ನ ಸುತ್ತ ಲೋಹ ದಪ್ಪ, ಅಂಚಿಗೆ ಬರುವಷ್ಟರಲ್ಲಿ ಬಹಳ ತೆಳು, ಕಮಾನು ಚಪ್ಪಟೆ. ಅದು ಮಂದ್ರದಲ್ಲಿ ನುಡಿಯುತ್ತದೆ, ನಡುಭಾಗದಲ್ಲಿ ಪಿಂಗ್ ಸ್ಪಷ್ಟ, ಅಂಚಿನಲ್ಲಿ ಸಲೀಸಾಗಿ ಅರಳುತ್ತದೆ. ಇನ್ನೊಂದರ ದಪ್ಪ ಆದ್ಯಂತ ಒಂದೇ ಸಮ, ಕಮಾನು ಎತ್ತರ. ಅದರ ಶ್ರುತಿ ಮೇಲೆ, ಕಾರ್ವೆ ಉದ್ದ, ಅಂಚು ಹಟಮಾರಿ. ಎರಡನ್ನೂ ಸಮತಟ್ಟಾದ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಕಣ್ಣಿನ ಮಟ್ಟದಲ್ಲಿ ನೋಡಿದರೆ ಕಮಾನಿನ ವ್ಯತ್ಯಾಸ ತಾನಾಗಿ ಕಾಣುತ್ತದೆ. ಅಂಚನ್ನು ಒತ್ತಿ ನೋಡಿದರೆ ದಪ್ಪದ ಹಂಚಿಕೆ ಬೆರಳಿಗೆ ತಿಳಿಯುತ್ತದೆ. ದೂರದಿಂದ ಕೊಳ್ಳುವವರು ಪಕ್ಕದಿಂದ ತೆಗೆದ ಫೋಟೋ ಮತ್ತು ಸಂಸ್ಕರಿಸದ ಧ್ವನಿಮುದ್ರಣ ಎರಡನ್ನೂ ಕೇಳಿ ಪಡೆಯಬೇಕು.

ಹಗುರ ತೂಕಕ್ಕೆ ಹಣ ಹೆಚ್ಚಾದ ಕೂಡಲೇ ಹಗುರ ಮಾಡುವ ಕೆಲಸವೂ ಶುರುವಾಗುತ್ತದೆ. ಭಾರದ ಹಳೆಯ ಸಿಂಬಲ್ ಅನ್ನು ಲೇತ್ ಮೇಲೆ ಮತ್ತೆ ಹೆರೆದು ಕೆಲವು ನೂರು ಗ್ರಾಂ ತೆಗೆಯಬಹುದು. ನುರಿತ ಕೈಯಲ್ಲಿ ಅದು ನಾದವನ್ನು ಚೆನ್ನಾಗಿಯೇ ಸುಧಾರಿಸುತ್ತದೆ, ಅಂಥ ಸಿಂಬಲ್ ನುಡಿಸಲು ನನ್ನ ಆಕ್ಷೇಪವಿಲ್ಲ, ಆದರೆ ಅದನ್ನು ಮೂಲಸ್ಥಿತಿಯ ಸಿಂಬಲ್ ಎಂದು ಮಾರುವುದು ಮೋಸ. ಮೇಲ್ಮೈಯ ಬಣ್ಣ ಕಾಲದಿಂದ ಕಂದಿರದೆ ಎಲ್ಲೆಡೆ ಹೊಸದಾಗಿ ಹೊಳೆಯುತ್ತಿದ್ದರೆ, ಲೇತ್‌ನ ಗೆರೆಗಳು ಲೋಹದಲ್ಲಿ ಒತ್ತಿದ ಕಂಪನಿಯ ಮುದ್ರೆಯ ಅಕ್ಷರಗಳ ಮೇಲೆ ಹಾದುಹೋಗಿದ್ದರೆ, ಮುದ್ರೆಯೇ ಅಸಹಜವಾಗಿ ಮಸುಕಾಗಿದ್ದರೆ ಅನುಮಾನಿಸಬೇಕು. ಅಂಚಿನ ಬಿರುಕುಗಳನ್ನು ಕತ್ತರಿಸಿ ತೆಗೆದಾಗಲೂ ತೂಕ ಇಳಿಯುತ್ತದೆ. 22 ಇಂಚು ಎಂದು ಹೇಳಿದ ಸಿಂಬಲ್ ಅಳತೆ ಪಟ್ಟಿಯಲ್ಲಿ ಇಪ್ಪತ್ತೊಂದೂವರೆ ಬಂದರೆ ಅದರ ಕಡಿಮೆ ತೂಕ ತೆಳುವಿನಿಂದ ಬಂದದ್ದಲ್ಲ, ಅರ್ಧ ಇಂಚು ಕಡಿಮೆಯಾದರೆ ವಿಸ್ತೀರ್ಣದಲ್ಲಿ ನೂರಕ್ಕೆ ನಾಲ್ಕೂವರೆ ಭಾಗವೇ ಹೋಗಿರುತ್ತದೆ. ಹಾಗಾಗಿ ತಕ್ಕಡಿಯ ಜೊತೆಗೆ ಅಳತೆ ಪಟ್ಟಿಯೂ ಕೈಯಲ್ಲಿರಬೇಕು.

ಸ್ಟ್ಯಾಂಡಿನ ಕಬ್ಬಿಣ ಉಜ್ಜಿ ನಡುವಿನ ರಂಧ್ರ ಒಂದು ಕಡೆ ಸವೆದು ಉದ್ದವಾಗಿರುವುದು ಹಳೆಯ ಸಿಂಬಲ್‌ಗಳಲ್ಲಿ ಸಾಮಾನ್ಯ. ಅದು ನಾದಕ್ಕೆ ಅಷ್ಟಾಗಿ ಧಕ್ಕೆ ತರುವುದಿಲ್ಲ, ಬೆಲೆಯನ್ನು ಮಾತ್ರ ಇಳಿಸುತ್ತದೆ, ನುಡಿಸುವ ಉದ್ದೇಶದಿಂದ ಕೊಳ್ಳುವವರಿಗೆ ಅದೊಂದು ಒಳ್ಳೆಯ ಅವಕಾಶ. ಬಿರುಕಿನ ಮಾತು ಹಾಗಲ್ಲ. ಲೇತ್ ಗೆರೆಯ ಗುಂಟ ಸುತ್ತಿಕೊಂಡು ಹೋಗುವ ಕೂದಲೆಳೆಯಂಥ ಬಿರುಕು ಹಗುರ ತಟ್ಟೆಯಲ್ಲಿ ನಿಲ್ಲದೆ ಬೆಳೆಯುತ್ತದೆ. ಎಷ್ಟೇ ಅಗ್ಗವಾಗಿ ಸಿಕ್ಕರೂ ಅದನ್ನು ಬಿಡುವುದೇ ಸರಿ. ಗೆರೆಗಳ ನಡುವೆ ಸೇರಿದ ಹಳೆಯ ಕೊಳೆ ತೂಕಕ್ಕೆ ಲೆಕ್ಕಕ್ಕೆ ಬಾರದಷ್ಟು, ಆದರೆ ಮೇಲಿನ ಆವೃತ್ತಿಗಳನ್ನು ತುಸು ಅದುಮಿ ದನಿಯನ್ನು ಗಾಢವಾಗಿಸುತ್ತದೆ. ಯಂತ್ರದಿಂದ ಉಜ್ಜಿ ಹೊಳಪು ಕೊಟ್ಟರೆ ಆ ಗುಣವೂ ಹೋಗುತ್ತದೆ, ಸಂಗ್ರಾಹಕರು ಕೊಡುವ ಬೆಲೆಯೂ ಇಳಿಯುತ್ತದೆ.

ಈ ಮೂರರಲ್ಲಿ 1950ರ ದಶಕದ ಹಗುರ ರೈಡ್, ಮೆಲುದನಿಯ ಜಾಝ್ ಮಾತ್ರ ನುಡಿಸುವವರಿಗೆ, ಬಿರುಕಿಲ್ಲದ ಅಂಚು ಮತ್ತು ಪೂರ್ತಿ ವ್ಯಾಸ ಖಚಿತವಾದ ಮೇಲೆ, ಅದರ ಹೆಚ್ಚಿನ ಬೆಲೆಗೂ ತಕ್ಕುದು. ಅದಕ್ಕೆ ಗಟ್ಟಿ ಸ್ಟಿಕ್ ಬೇಡ, ಅಂಚಿನ ಮೇಲೆ ಪದೇ ಪದೇ ಕ್ರ್ಯಾಶ್ ಬೇಡ, ನಟ್ ಬಿಗಿಮಾಡದೆ ತೂಗಾಡಲು ಬಿಡಬೇಕು. ಸಿಝಲ್ ಎಂಬ ಸುಯ್‌ಗುಡುವ ದನಿಗಾಗಿ ರಿವೆಟ್ (ಸಡಿಲವಾಗಿ ಕೂರುವ ಸಣ್ಣ ಲೋಹದ ಮೊಳೆ) ಹಾಕಲು ಅದಕ್ಕೆ ಹೊಸದಾಗಿ ರಂಧ್ರ ಕೊರೆಸಬಾರದು. ಕೊರೆದ ರಂಧ್ರ ಮತ್ತೆ ಮುಚ್ಚುವುದಿಲ್ಲ, ತೆಳು ಲೋಹದಲ್ಲಿ ಬಿರುಕಿಗೆ ಅದೇ ಮೊದಲ ದಾರಿಯಾಗುತ್ತದೆ. ಬೆಲ್‌ಗೆ ತೂಗುಹಾಕಿ ಬೇಡವಾದಾಗ ತೆಗೆಯಬಹುದಾದ ಮಣಿಸರ ಅದೇ ಪರಿಣಾಮವನ್ನು ಸಾಕಷ್ಟು ಚೆನ್ನಾಗಿ ಕೊಡುತ್ತದೆ. 1960ರ ದಶಕದ ಮಧ್ಯಮ ರೈಡ್ ಅನ್ನು ಯಾರಿಗೂ ಹಿಂಜರಿಯದೆ ಶಿಫಾರಸು ಮಾಡುತ್ತೇನೆ. 22 ಇಂಚಿನಲ್ಲಿ 2,500ರಿಂದ 2,750 ಗ್ರಾಂವರೆಗಿನ ತಟ್ಟೆಗಳನ್ನು ಮೊದಲು ನುಡಿಸಿ ನೋಡಿ, ಅನಂತರವೇ ಹಗುರದ ಕಡೆಗೋ ಭಾರದ ಕಡೆಗೋ ಹೊರಳಿ. 1970ರ ದಶಕದ್ದನ್ನು ಕೊಳ್ಳುವವರು ಗಟ್ಟಿಮುಟ್ಟಾದ ಸ್ಟ್ಯಾಂಡ್ ಒಂದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು, ಮೂರು ಕಿಲೋ ದಾಟಿದ ಸಿಂಬಲ್ ಅನ್ನು ಹಗುರ ಸ್ಟ್ಯಾಂಡಿನ ತೋಳು ಬಹುಕಾಲ ಹೊರುವುದಿಲ್ಲ.